ಲೇಟಾಗಿ ಸೇರಿ ಎಂ-ಒನ್ ಕ್ಯಾಲ್ಕುಲಸ್ ಪಾಸಾದ ನನ್ನ ಅನುಭವ, ಕನ್ನಡ ಮೀಡಿಯಂನಿಂದ ಇಂಜಿನಿಯರಿಂಗ್ ಸೇರೋರಿಗಾಗಿ

ಕೊನೆಗೂ ಫಸ್ಟ್ ಸೆಮ್ ರಿಸಲ್ಟ್ ಬಂತು, ಮ್ಯಾಥ್ಸ್ ಪಾಸಾಗಿದೀನಿ. ಇಂಜಿನಿಯರಿಂಗ್ ಸೇರಿದ್ಮೇಲೆ ನಂಗೆ ನಿದ್ದೆಗೆಡಿಸಿದ ಸಬ್ಜೆಕ್ಟ್ ಅಂದ್ರೆ ಇದೊಂದೇ, ಎಲ್ಲರೂ ಎಂ-ಒನ್ ಅಂತ ಕರೆಯೋ ಮ್ಯಾಥಮ್ಯಾಟಿಕ್ಸ್ ಒನ್, ಅದ್ರಲ್ಲೂ ಮೊದಲ ಎರಡು ಮಾಡ್ಯೂಲ್ (ಸಿಲಬಸ್‌ನ ಭಾಗ) ಪೂರ್ತಿ ಕ್ಯಾಲ್ಕುಲಸ್. ನಾನು ಸೇರೋ ಟೈಮಲ್ಲಿ ಯಾರಾದ್ರೂ ಕೂರಿಸ್ಕೊಂಡು ಇದೇನು, ಪೇಪರ್ ಹೆಂಗಿರುತ್ತೆ, ಎಲ್ಲಿಂದ ಶುರು ಮಾಡ್ಬೇಕು ಅಂತ ಬಿಡಿಸಿ ಹೇಳಿದ್ರೆ ಎಷ್ಟೋ ರಾತ್ರಿ ಅಳೋದು ತಪ್ತಿತ್ತು. ಅದಕ್ಕೇ ಎಲ್ಲಾ ನೆನಪಿರೋವಾಗ್ಲೇ ಬರೀತಿದೀನಿ. ಉದ್ದ ಆಗುತ್ತೆ, ನಿಧಾನಕ್ಕೆ ಓದಿ.

ನಮ್ಮೂರು ಶಿರಾ ತಾಲ್ಲೂಕಲ್ಲಿ ಒಂದು ಹಳ್ಳಿ, ಅಪ್ಪಂಗೆ ಸ್ವಲ್ಪ ಹೊಲ ಇದೆ, ಕಡ್ಲೆಕಾಯಿ ಹಾಕ್ತಾರೆ. ಒಂದನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಶಿರಾದಲ್ಲೇ ಆಯ್ತು. 2024ರಲ್ಲಿ ಸಿಇಟಿ ಬರೆದೆ, ಸೀಟು ಸಿಕ್ಕಿದ್ದು ಬೆಂಗಳೂರಿನ ಹೊರಗಡೆ ಇರೋ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಲ್ಲಿ, ಕಂಪ್ಯೂಟರ್ ಸೈನ್ಸ್. ನಮ್ಮ ಬ್ಯಾಚಿಗೆ 2022ರ ಸ್ಕೀಮ್ (ಆ ವರ್ಷದಿಂದ ಬಂದ ಸಿಲಬಸ್, ಪರೀಕ್ಷೆ ನಿಯಮ), ಕಂಪ್ಯೂಟರ್ ಕಡೆಯವ್ರಿಗೆ ಒಂದು ಮ್ಯಾಥ್ಸ್, ಸಿವಿಲ್‌ಗೆ, ಮೆಕ್ಯಾನಿಕಲ್‌ಗೆ, ಎಲೆಕ್ಟ್ರಿಕಲ್‌ಗೆ ಬೇರೆ ಬೇರೆ ಮ್ಯಾಥ್ಸ್, ಆದ್ರೂ ಶುರುವಿನ ಕ್ಯಾಲ್ಕುಲಸ್ ಹೆಚ್ಚುಕಮ್ಮಿ ಎಲ್ರಿಗೂ ಒಂದೇ. ನೀವು ಸೇರೋ ಹೊತ್ತಿಗೆ ಸ್ಕೀಮ್ ಬದಲಾಗಿರಬಹುದು, ಅದಕ್ಕೇ ಮೊದಲು ವಿಟಿಯು ಸೈಟಿಂದ ನಿಮ್ಮ ಸ್ಕೀಮಿನ ಸಿಲಬಸ್ ಪಿಡಿಎಫ್ ಇಳಿಸಿ ಇಟ್ಕೊಳ್ಳಿ, ಸೀನಿಯರ್ಸ್ ಕೊಡೋ ನೋಟ್ಸ್ ಮೇಲೆ ಕಣ್ಣುಮುಚ್ಚಿ ಹೋಗ್ಬೇಡಿ.

ಲೇಟ್ ಯಾಕಾಯ್ತು ಅಂದ್ರೆ, ಫಸ್ಟ್ ರೌಂಡಲ್ಲಿ ನಂಗೆ ಬೇರೆ ಬ್ರಾಂಚ್ ಬಂದಿತ್ತು. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಸೀಟು ಬಂದ್ಮೇಲೆ ನಾಲ್ಕು ಚಾಯ್ಸ್ ಕೊಡ್ತಾರೆ: ಒಂದನೇದು ಈಗಲೇ ಹೋಗಿ ಸೇರೋದು, ಎರಡನೇದು ಇದನ್ನ ಕೈಯಲ್ಲಿಟ್ಕೊಂಡು ಮುಂದಿನ ರೌಂಡಲ್ಲಿ ಒಳ್ಳೇದಕ್ಕೆ ಕಾಯೋದು, ಮೂರನೇದು ಇದನ್ನ ಬಿಟ್ಟು ಮುಂದಿನ ರೌಂಡಿಗೆ ಹೋಗೋದು, ನಾಲ್ಕನೇದು ಹೊರಗೆ ಬರೋದು. ನಾನು ಎರಡನೇದು ಹಾಕ್ದೆ, ಕಂಪ್ಯೂಟರ್ ಸೈನ್ಸ್ ಸಿಕ್ತು, ಆದ್ರೆ ನಾನು ಬ್ಯಾಗ್ ಹಿಡ್ಕೊಂಡು ಹಾಸ್ಟೆಲ್ ತಲುಪೋ ಹೊತ್ತಿಗೆ ಫಸ್ಟ್ ರೌಂಡಲ್ಲಿ ಸೇರಿದವರಿಗೆ ಪಾಠ ಶುರುವಾಗಿ ಬಹಳ ದಿನ ಆಗಿತ್ತು. ಇದೇ ಚಾಯ್ಸ್ ಹಾಕೋರು ಯಾರಾದ್ರೂ ಇದ್ರೆ ಕಾಯೋ ಟೈಮಲ್ಲಿ ಸುಮ್ನೆ ಕೂರಬೇಡಿ, ವಿಟಿಯು ಸಿಲಬಸ್ ಇರೋ ಯಾವ ಕಾಲೇಜ್ ಬಂದ್ರೂ ಮೊದಲ ಮಾಡ್ಯೂಲ್ ಹೆಚ್ಚುಕಮ್ಮಿ ಒಂದೇ, ಮನೇಲೇ ಓದೋಕೆ ಶುರು ಮಾಡಬಹುದು.

ಇಲ್ಲೇ ದಾಖಲೆ ವಿಷಯನೂ ಹೇಳ್ಬಿಡ್ತೀನಿ. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಎರಡಕ್ಕೂ ಒಂದರಿಂದ ಹತ್ತನೇ ಕ್ಲಾಸ್‌ವರೆಗೆ ಓದಿದ ಪ್ರಮಾಣಪತ್ರ ಬೇಕು, ಅದಕ್ಕೆ ಹೆಡ್ ಮಾಸ್ಟರ್ ಸಹಿ ಜೊತೆಗೆ ಬಿಇಒ ಸಹಿನೂ ಆಗ್ಬೇಕು. ಪ್ರೈಮರಿ ಒಂದ್ಕಡೆ ಹೈಸ್ಕೂಲ್ ಇನ್ನೊಂದ್ಕಡೆ ಓದಿದ್ರೆ ಎರಡೂ ಕಡೆ ಹೋಗ್ಬೇಕಾಗುತ್ತೆ, ಪಿಯುಸಿ ಪರೀಕ್ಷೆ ಮುಗಿದ ತಕ್ಷಣ ಇದನ್ನ ಮಾಡ್ಸಿಟ್ಕೊಳ್ಳಿ. ಕಾಲೇಜಿಗೆ ಒರಿಜಿನಲ್ ಕೊಡೋಕೆ ಮುಂಚೆ ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿ ಫೋನಲ್ಲಿಟ್ಕೊಳ್ಳಿ, ಸೆಮಿಸ್ಟರ್ ಮಧ್ಯದಲ್ಲಿ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಸ್ಕಾಲರ್‌ಶಿಪ್ ಹಾಕೋವಾಗ ಅವೇ ಬೇಕಾಗುತ್ತೆ, ಇಲ್ಲಾಂದ್ರೆ ಆಫೀಸಿನ ಮುಂದೆ ನಿಂತು ಮ್ಯಾಥ್ಸ್ ಕ್ಲಾಸ್ ತಪ್ಪಿಹೋಗುತ್ತೆ.

ಮೊದಲನೇ ಕ್ಲಾಸಿಗೆ ಹೋದಾಗ ಬೋರ್ಡ್ ಮೇಲೆ ಇದ್ದಿದ್ದು ಪೋಲಾರ್ ಕರ್ವ್ಸ್. ಪಿಯುಸಿಯಲ್ಲಿ ನಾವು ನೋಡಿದ್ದು ಎಕ್ಸ್, ವೈ ಅಷ್ಟೇ. ಇಲ್ಲಿ ಆರ್, ಥೀಟಾ, ಅದರ ಮೇಲೆ ಫೈ ಅಂತ ಇನ್ನೊಂದು ಕೋನ. ಒಂದು ಪಾಯಿಂಟನ್ನ ಮೂಲಬಿಂದುವಿನಿಂದ ಎಷ್ಟು ದೂರ, ಯಾವ ಕೋನದಲ್ಲಿ ಅಂತ ಹೇಳೋದು ಪೋಲಾರ್ ಅಂತ ಆಮೇಲೆ ಗೊತ್ತಾಯ್ತು, ಆವತ್ತು ಏನೂ ತಲೆಗೆ ಹೋಗ್ಲಿಲ್ಲ. ಸರ್ ಪಟಪಟ ಅಂತ ಟ್ಯಾನ್ ಫೈ ಈಕ್ವಲ್ ಟು ಆರ್ ಡಿ-ಥೀಟಾ ಬೈ ಡಿ-ಆರ್ ಅಂತ ಬರೆದ್ರು, ಪಕ್ಕದಲ್ಲಿ ಕೂತವ್ರು ಎಲ್ಲಾ ತಲೆ ಆಡಿಸ್ತಿದ್ರು, ನಾನು ಬೋರ್ಡಲ್ಲಿದ್ದ ಚಿತ್ರ ಕಾಪಿ ಮಾಡ್ಕೊಂಡು ಕೂತಿದ್ದೆ. ಹೊಟ್ಟೆ ಒಳಗೆ ಏನೋ ಕುಸಿದಂಗಾಯ್ತು. ಪಿಯುಸಿಯಲ್ಲಿ ಮ್ಯಾಥ್ಸ್‌ಗೆ ಒಳ್ಳೆ ಮಾರ್ಕ್ಸ್ ಬಂದಿದ್ದವಳು ನಾನು.

ಒಂದು ವಿಷಯ ನಮ್ಮ ಬ್ಯಾಚಿನವ್ರು ಗಮನಿಸ್ಬೇಕು. ಎನ್‌ಸಿಇಆರ್‌ಟಿ ಪುಸ್ತಕಗಳನ್ನ ಕಡಿತ ಮಾಡಿದಾಗ ಹನ್ನೆರಡನೇ ಕ್ಲಾಸಿನ ಮ್ಯಾಥ್ಸ್‌ನಿಂದ ಟ್ಯಾಂಜೆಂಟ್ಸ್ ಅಂಡ್ ನಾರ್ಮಲ್ಸ್, ಮೀನ್ ವ್ಯಾಲ್ಯೂ ಥಿಯರಂ ಎಲ್ಲಾ ತೆಗೆದ್ರು, ನಮ್ಮ ಪಿಯು ಪುಸ್ತಕನೂ ಅದೇ. 2024ರ ಸಿಇಟಿಯಲ್ಲಿ ಸಿಲಬಸ್ ಆಚೆಯ 50 ಪ್ರಶ್ನೆ ಮೌಲ್ಯಮಾಪನದಿಂದ ಕೈಬಿಟ್ಟಿದ್ದು ನಿಮಗೆ ನೆನಪಿರಬಹುದು. ಸಿಇಟಿಗೆ ಅದು ಬೇಡ ಆಯ್ತು, ಆದ್ರೆ ಇಂಜಿನಿಯರಿಂಗ್ ಮ್ಯಾಥ್ಸ್ ಶುರುವಾಗೋದೇ ಟ್ಯಾಂಜೆಂಟ್ ಇಂದ! ಕರ್ವ್‌ನ ಒಂದು ಪಾಯಿಂಟಲ್ಲಿ ಎಳೆದ ಸ್ಪರ್ಶಕಕ್ಕೂ ಮೂಲಬಿಂದುವಿಂದ ಬಂದ ಗೆರೆಗೂ ನಡುವಿನ ಕೋನ ಅಂತ ಹೇಳಿದ್ರೆ, ಸ್ಪರ್ಶಕದ ಇಳಿಜಾರೇ ಡೆರಿವೇಟಿವ್ ಅನ್ನೋದು ಕೈಗೆ ಅಭ್ಯಾಸ ಇರ್ಬೇಕು. ನಮಗೆ ಅದು ಒಂದು ವಾಕ್ಯದಲ್ಲಿ ಬಂದು ಹೋಗಿತ್ತು ಅಷ್ಟೇ. ಹಳೇ ಪಿಯು ಪುಸ್ತಕ ಯಾರ ಹತ್ರನಾದ್ರೂ ಇದ್ರೆ ಆ ಭಾಗ ತೆಗೆದು ಓದಿ, ಅಣ್ಣ ಅಕ್ಕಂದಿರು ಓದಿದ್ದು ಮನೇಲಿ ಬಿದ್ದಿರುತ್ತೆ.

ಮೊದಲ ಮಾಡ್ಯೂಲ್ ಹೆಂಗೂ ಹೋಯ್ತು, ಬಿಟ್ಟು ಮುಂದಿನದು ಓದು ಅಂತ ನಂಗೆ ತುಂಬಾ ಜನ ಹೇಳಿದ್ರು. ದಯವಿಟ್ಟು ಆ ಮಾತು ಕೇಳ್ಬೇಡಿ. ನಮ್ಮ 2022ರ ಸ್ಕೀಮಲ್ಲಿ ಪೇಪರ್ ಹೆಂಗಿದೆ ಅಂದ್ರೆ ಒಟ್ಟು ಐದು ಮಾಡ್ಯೂಲ್, ಹತ್ತು ಪ್ರಶ್ನೆ, ಒಂದೊಂದಕ್ಕೆ 20 ಮಾರ್ಕ್ಸ್, ಪ್ರತಿ ಮಾಡ್ಯೂಲಿಂದ ಎರಡು ಪ್ರಶ್ನೆ, ಅದ್ರಲ್ಲಿ ಒಂದನ್ನ ಬರೀಬೇಕು. ಚಾಯ್ಸ್ ಇರೋದು ಮಾಡ್ಯೂಲ್ ಒಳಗೆ ಮಾತ್ರ. ಮೊದಲ ಮಾಡ್ಯೂಲ್ ಬಿಟ್ರೆ ಬೇರೆ ಮಾಡ್ಯೂಲಿನ ಎರಡೂ ಪ್ರಶ್ನೆ ಬರೆದು ಅದನ್ನ ತುಂಬಿಸ್ಕೊಳ್ಳೋಕಾಗಲ್ಲ, 20 ಮಾರ್ಕ್ಸ್ ಹೋಯ್ತು ಅಂತಲೇ ಲೆಕ್ಕ. ನೂರು ಮಾರ್ಕ್ಸಿಗೆ ಬರೆದಿದ್ದನ್ನ ಐವತ್ತಕ್ಕೆ ಇಳಿಸ್ತಾರೆ, ಇನ್ನೈವತ್ತು ಸಿಐಇ, ಅಂದ್ರೆ ಇಂಟರ್ನಲ್ಸು, ಅಸೈನ್‌ಮೆಂಟು, ಲ್ಯಾಬು ಸೇರಿ. ಸಿಐಇಯಲ್ಲಿ 50ಕ್ಕೆ 20 ಬರಲೇಬೇಕು, ಇಲ್ಲಾಂದ್ರೆ ಪರೀಕ್ಷೆಗೇ ಕೂರಿಸಲ್ಲ. ಪರೀಕ್ಷೆಯಲ್ಲಿ ಕನಿಷ್ಠ 35 ಪರ್ಸೆಂಟ್, ಎರಡೂ ಸೇರಿ 40. ಜೊತೆಗೆ ಹಾಜರಿ 85 ಪರ್ಸೆಂಟ್ ಇರ್ಬೇಕು. ಇಷ್ಟನ್ನ ಒಂದು ಹಾಳೆ ಮೇಲೆ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ, ಭಯ ಆದಾಗೆಲ್ಲಾ ನೋಡೋಕೆ ಒಂದು ಗುರಿ ಇತ್ತು.

ನನ್ನ ದಾರಿ ಬದಲಾಗಿದ್ದು ಹಾಸ್ಟೆಲ್‌ನ ಸೀನಿಯರ್ ಅಕ್ಕ ಒಬ್ರಿಂದ. ಅವ್ರು ಮಂಡ್ಯ ಕಡೆಯವ್ರು, ಮೂರನೇ ವರ್ಷ. ಒಂದಿನ ಮೆಸ್ಸಲ್ಲಿ ಊಟ ಆದ್ಮೇಲೆ ನನ್ನ ನೋಟ್ಸ್ ತಗೊಂಡು ನೋಡಿ, "ಎಲ್ಲಿ ನಿಂತೋಗ್ತೀಯಾ ತೋರ್ಸು, ಪೂರ್ತಿ ಬರಲ್ಲ ಅನ್ಬೇಡ, ಯಾವ ಲೈನ್ ಅಂತ ಹೇಳು" ಅಂದ್ರು. ಕೂತು ಒಂದು ಲೆಕ್ಕ ಮಾಡ್ಸಿದ್ರು. ಪರೀಕ್ಷೆಗೆ ಸುಮಾರು ಸಲ ಬಂದಿರೋ ಲೆಕ್ಕ ಅದು: ಆರ್ ಈಕ್ವಲ್ ಟು ಎ ಇನ್‌ಟು ಒನ್ ಪ್ಲಸ್ ಕಾಸ್ ಥೀಟಾ, ಆರ್ ಈಕ್ವಲ್ ಟು ಬಿ ಇನ್‌ಟು ಒನ್ ಮೈನಸ್ ಕಾಸ್ ಥೀಟಾ, ಈ ಎರಡು ಕರ್ವ್ 90 ಡಿಗ್ರಿಯಲ್ಲಿ ಕತ್ತರಿಸ್ತವೆ ಅಂತ ತೋರಿಸ್ಬೇಕು. ಎರಡೂ ಕಡೆ ಲಾಗ್ ತಗೊಂಡು ಡಿಫರೆನ್ಶಿಯೇಟ್ ಮಾಡೋವರೆಗೂ ನಾನು ಸರಿಯಾಗೇ ಮಾಡ್ದೆ. ಆಮೇಲೆ ಮೈನಸ್ ಸೈನ್ ಥೀಟಾ ಬೈ ಒನ್ ಪ್ಲಸ್ ಕಾಸ್ ಥೀಟಾ ಅಂತ ಬಂತು, ಅಲ್ಲಿ ನಿಂತೆ. ಒನ್ ಪ್ಲಸ್ ಕಾಸ್ ಥೀಟಾ ಅಂದ್ರೆ ಟೂ ಕಾಸ್ ಸ್ಕ್ವೇರ್ ಥೀಟಾ ಬೈ ಟು, ಸೈನ್ ಥೀಟಾ ಅಂದ್ರೆ ಟೂ ಸೈನ್ ಥೀಟಾ ಬೈ ಟು ಕಾಸ್ ಥೀಟಾ ಬೈ ಟು, ಎರಡನ್ನೂ ಹಾಕಿದ್ರೆ ಎಲ್ಲಾ ಹೊಡೆದೋಗಿ ಮೈನಸ್ ಟ್ಯಾನ್ ಥೀಟಾ ಬೈ ಟು ಉಳಿಯುತ್ತೆ. ಅದನ್ನ ಕಾಟ್ ರೂಪಕ್ಕೆ ತಂದ್ರೆ ಫೈ ಅಂದ್ರೆ 90 ಪ್ಲಸ್ ಥೀಟಾ ಬೈ ಟು. ಎರಡನೇ ಕರ್ವ್‌ಗೆ ಹಂಗೇ ಮಾಡಿದ್ರೆ ಬರೀ ಥೀಟಾ ಬೈ ಟು. ಕಳೆದ್ರೆ 90. ಮುಗೀತು!

ಅಕ್ಕ ಪೆನ್ ಕೆಳಗಿಟ್ಟು, "ನೋಡು, ನಿಂಗೆ ಕ್ಯಾಲ್ಕುಲಸ್ ಬರುತ್ತೆ. ಬರ್ದೇ ಇರೋದು ಫಸ್ಟ್ ಪಿಯುಸಿ ಟ್ರಿಗ್ನಾಮೆಟ್ರಿ" ಅಂದ್ರು. ಈ ಇಡೀ ಬರಹದಲ್ಲಿ ನಾನು ಹೇಳೋಕಿರೋದು ಇದನ್ನೇ. ಎಂ-ಒನ್‌ನಲ್ಲಿ ಹುಡುಗ್ರು ಹುಡುಗೀರು ಸಿಕ್ಕಾಕೊಳ್ಳೋದು ಡೆರಿವೇಟಿವ್ ಹತ್ರ ಅಲ್ಲ, ಅದರ ನಂತರದ ಲೈನಲ್ಲಿ. ನಾನು ಆಮೇಲೆ ಕ್ಲಾಸಲ್ಲಿ ಬೇರೆಯವ್ರ ನೋಟ್ಸ್ ನೋಡಿದಾಗ್ಲೂ ಎಲ್ಲರೂ ನಿಂತಿದ್ದು ಇಂಥ ಜಾಗದಲ್ಲೇ.

ಹಂಗಾಗಿ ಹೊಸ ಪಾಠನ ಪಕ್ಕಕ್ಕಿಟ್ಟು ಹಳೇದನ್ನ ತೆಗೆದೆ. ಹಾಫ್ ಆಂಗಲ್, ಡಬಲ್ ಆಂಗಲ್, ಕಾಸ್ ಎ ಪ್ಲಸ್ ಬಿ, ಸೈನ್ ಎ ಪ್ಲಸ್ ಬಿ, 90 ಪ್ಲಸ್ ಥೀಟಾ ಹಾಕಿದ್ರೆ ಯಾವುದು ಯಾವುದಾಗುತ್ತೆ, ಲಾಗ್ ನಿಯಮಗಳು, ಪ್ರಾಡಕ್ಟ್ ರೂಲ್, ಕೋಶಂಟ್ ರೂಲ್, ಚೈನ್ ರೂಲ್, ಇಂಪ್ಲಿಸಿಟ್ ಡಿಫರೆನ್ಶಿಯೇಷನ್. ದಿನಾ ಬೆಳಿಗ್ಗೆ ಸ್ನಾನದ ಕ್ಯೂನಲ್ಲಿ ನಿಂತಾಗ ಫಾರ್ಮುಲಾ ಹಾಳೆ ಕೈಯಲ್ಲಿರ್ತಿತ್ತು, ರಾತ್ರಿ ಅವೇ ಫಾರ್ಮುಲಾ ಬರೋ ಡೆರಿವೇಟಿವ್‌ಗಳನ್ನ ನೋಡ್ದೇ ಬರೆಯೋದು. ಸೆಮಿಸ್ಟರ್ ಓಡ್ತಿರೋವಾಗ ಹಿಂದಕ್ಕೆ ಹೋಗೋಕೆ ಭಯ ಆಗುತ್ತೆ ನಿಜ, ಎಲ್ಲರೂ ಮುಂದೆ ಹೋಗ್ತಿದಾರೆ ನಾನೊಬ್ಳೇ ಪಿಯುಸಿ ಓದ್ತಿದೀನಿ ಅನ್ಸುತ್ತೆ. ಆದ್ರೆ ಈ ಕೆಲಸ ಆದ್ಮೇಲೆ ಮೊದಲ ಮಾಡ್ಯೂಲ್ ಪೂರ್ತಿ ಬೇಗ ಬೇಗ ಮುಗೀತು. ಪೆಡಲ್ ಈಕ್ವೇಶನ್ ಅಂದ್ರೆ ಅದೇ ಫೈಯನ್ನ ಪಿ ಈಕ್ವಲ್ ಟು ಆರ್ ಸೈನ್ ಫೈಗೆ ಹಾಕೋದು (ಪಿ ಅಂದ್ರೆ ಮೂಲಬಿಂದುವಿಂದ ಸ್ಪರ್ಶಕಕ್ಕೆ ಇರೋ ಲಂಬ ದೂರ), ಮೇಲಿನ ಮೊದಲ ಕರ್ವ್‌ಗೇ ಮಾಡಿ ನೋಡಿ, ಆರ್ ಕ್ಯೂಬ್ ಈಕ್ವಲ್ ಟು 2 ಎ ಪಿ ಸ್ಕ್ವೇರ್ ಬರ್ಬೇಕು. ಒಂದು ಲೆಕ್ಕ ಸರಿಯಾಗಿ ಬಂದ್ರೆ ಇನ್ನೊಂದು ಪುಕ್ಕಟೆ ಬಂದಂಗೆ.

ರೇಡಿಯಸ್ ಆಫ್ ಕರ್ವೇಚರ್, ಅಂದ್ರೆ ಕರ್ವ್ ಒಂದು ಪಾಯಿಂಟಲ್ಲಿ ಎಷ್ಟು ಬಾಗಿದೆ ಅಂತ ಹೇಳೋ ತ್ರಿಜ್ಯ, ಅದರ ಬಗ್ಗೆ ಒಂದೆರಡು ಮಾತು. ಫಾರ್ಮುಲಾ ನೋಡೋಕೆ ಭಯಂಕರ, ಒನ್ ಪ್ಲಸ್ ವೈ-ಒನ್ ಸ್ಕ್ವೇರ್ ಎಲ್ಲಕ್ಕೂ ಪವರ್ ತ್ರೀ ಬೈ ಟು, ಕೆಳಗೆ ವೈ-ಟು (ವೈ-ಒನ್ ಅಂದ್ರೆ ಮೊದಲ ಡೆರಿವೇಟಿವ್, ವೈ-ಟು ಎರಡನೇದು). ಅರ್ಥ ಆಗ್ಬೇಕಂದ್ರೆ ಅದನ್ನ ಒಂದು ವೃತ್ತಕ್ಕೆ ಹಾಕಿ ನೋಡಿ, ಯಾವ ಪಾಯಿಂಟ್ ತಗೊಂಡ್ರೂ ಆ ವೃತ್ತದ ತ್ರಿಜ್ಯನೇ ಬರುತ್ತೆ, ಆಗ ಈ ಫಾರ್ಮುಲಾ ಏನು ಅಳೀತಿದೆ ಅಂತ ಗೊತ್ತಾಗುತ್ತೆ. ಕೆಲವು ಲೆಕ್ಕದಲ್ಲಿ ಕೊಟ್ಟಿರೋ ಪಾಯಿಂಟ್ ಹಾಕಿದ್ರೆ ವೈ-ಒನ್ ಇನ್ಫಿನಿಟಿ ಆಗಿಬಿಡುತ್ತೆ, ಅಲ್ಲಿ ಗಾಬರಿ ಆಗ್ಬೇಡಿ, ಡಿ-ಎಕ್ಸ್ ಬೈ ಡಿ-ವೈ ತಗೊಂಡು ಅದೇ ಫಾರ್ಮುಲಾನ ತಿರುಗಿಸಿ ಹಾಕಿದ್ರೆ ಸರಿಹೋಗುತ್ತೆ.

ಖರ್ಚಿನ ಬಗ್ಗೆ ಕೇಳೋರಿಗೆ. ಪಿಯುಸಿಯಲ್ಲಿ ಕ್ಯಾಲ್ಕುಲೇಟರ್ ಇಲ್ದೇ ಓದಿರ್ತೀವಿ, ಇಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬೇಕೇಬೇಕು, ಪ್ರೋಗ್ರಾಮ್ ಮಾಡೋಕಾಗದೇ ಇರೋ ಮಾಡೆಲ್ ಆಗಿರ್ಬೇಕು, ನಂಗೆ ಸಾವಿರದ ಆಸುಪಾಸು ಬಿತ್ತು. ತಗೊಳ್ಳೋ ಮುಂಚೆ ನಿಮ್ಮ ಕಾಲೇಜಲ್ಲಿ ಯಾವ ಮಾಡೆಲ್ ಒಳಗೆ ಬಿಡ್ತಾರೆ ಅಂತ ಎಕ್ಸಾಂ ಸೆಕ್ಷನ್‌ನಲ್ಲಿ ಕೇಳಿ. ಟೆಕ್ಸ್ಟ್‌ಬುಕ್ ನಾನು ಅವೆನ್ಯೂ ರೋಡಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡೆ, ಹೊಸದರ ಅರ್ಧ ಬೆಲೆಗೂ ಕಮ್ಮಿಗೆ ಸಿಕ್ತು, ಹಳೇ ಎಡಿಷನ್ ಆದ್ರೂ ಕ್ಯಾಲ್ಕುಲಸ್ ಏನೂ ಬದಲಾಗಲ್ಲ. ಕಾಲೇಜ್ ಲೈಬ್ರರಿಯಲ್ಲೂ ಕೊಡ್ತಾರೆ, ಆದ್ರೆ ಇಂಟರ್ನಲ್ಸ್ ಹತ್ರ ಬಂದಾಗ ಒಂದೂ ಸಿಗಲ್ಲ. ಜೆರಾಕ್ಸ್‌ಗೆ ಚಿಲ್ಲರೆ ಚಿಲ್ಲರೆ ಹೋಗಿ ತಿಂಗಳ ಕೊನೆಗೆ ನೋಡಿದ್ರೆ ದೊಡ್ಡ ಮೊತ್ತ ಆಗಿರುತ್ತೆ. ಕಾಲೇಜ್ ಹತ್ರ ಒಂದು ಟ್ಯೂಷನ್ ಸೆಂಟರ್ ಇತ್ತು, ಎಂ-ಒನ್‌ಗೆ ಅವರು ಕೇಳಿದ ಫೀಸ್ ಕೇಳಿ ವಾಪಸ್ ಬಂದೆ. ಅಪ್ಪಂಗೆ ಹೇಳಿದ್ರೆ ಹೆಂಗಾದ್ರೂ ಮಾಡಿ ಕಳಿಸ್ತಿದ್ರು, ಅದಕ್ಕೇ ಹೇಳ್ಲಿಲ್ಲ. ಸೇರಿದ ಗೆಳತಿಯರನ್ನ ನೋಡಿದೀನಿ, ಅಲ್ಲಿ ಹೆಚ್ಚಾಗಿ ಮಾಡಿಸೋದು ಹಳೇ ಪ್ರಶ್ನೆಪತ್ರಿಕೆ, ಅದನ್ನ ಹಾಸ್ಟೆಲಲ್ಲಿ ನಾಲ್ಕು ಜನ ಕೂತು ಮಾಡ್ಕೋಬಹುದು ಅನ್ನೋದು ನನ್ನ ಅಭಿಪ್ರಾಯ.

ಮೊದಲ ಇಂಟರ್ನಲ್ಸ್ ನಂಗೆ ಚೆನ್ನಾಗಿ ಆಗ್ಲಿಲ್ಲ. ಟ್ರಿಗ್ನಾಮೆಟ್ರಿ ಹಿಡಿದು ಸ್ವಲ್ಪ ದಿನ ಅಷ್ಟೇ ಆಗಿತ್ತು, ಬ್ಲೂಬುಕ್ (ಇಂಟರ್ನಲ್ಸ್ ಉತ್ತರ ಬರೆಯೋ ಪುಸ್ತಕ) ಕೈಗೆ ಬಂದಾಗ ಮಾರ್ಕ್ಸ್ ನೋಡಿ ಮಡಚಿ ಬ್ಯಾಗಲ್ಲಿಟ್ಟೆ. ಆವತ್ತು ರಾತ್ರಿ ಅಮ್ಮ ಫೋನ್ ಮಾಡಿ "ಊಟ ಆಯ್ತೇನವ್ವ, ಓದು ಹೆಂಗ್ ನಡೀತಿದೆ" ಅಂದಾಗ ಗಂಟಲು ಕಟ್ಕೊಂಡು ಮಾತೇ ಬರ್ಲಿಲ್ಲ. ನಮ್ಮ ಮನೇಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು, ಅಲ್ಲಿ ಯಾರಿಗೂ ಸಿಐಇ, ಎಸ್‌ಇಇ (ಸೆಮಿಸ್ಟರ್ ಕೊನೆಯ ಪರೀಕ್ಷೆ) ಅಂದ್ರೆ ಏನು ಅಂತ ಗೊತ್ತಿಲ್ಲ, ಯಾರ ಹತ್ರ ಹೇಳ್ಕೊಳ್ಳೋದು? ಇಂಥ ಪರಿಸ್ಥಿತಿಯಲ್ಲಿ ಇರೋರಿಗೆ ಹೇಳ್ತೀನಿ, ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಇಡೀ ಸಿಐಇ ಅಲ್ಲ, ಮುಂದಿನ ಟೆಸ್ಟು, ಅಸೈನ್‌ಮೆಂಟು, ಲ್ಯಾಬು ಇನ್ನೂ ಬಾಕಿ ಇರುತ್ತೆ. ಬ್ಲೂಬುಕ್ಕನ್ನ ಮಾತ್ರ ಬಿಸಾಕ್ಬೇಡಿ. ನಾನು ಮರುದಿನ ಅದನ್ನ ತಗೊಂಡು ಸ್ಟಾಫ್ ರೂಮಿಗೆ ಹೋದೆ, ಇಂಗ್ಲಿಷಲ್ಲಿ ಕೇಳೋಕೆ ಬಾಯಿ ಬರ್ದೇ "ಸರ್, ಕನ್ನಡದಲ್ಲಿ ಕೇಳ್ಲಾ" ಅಂದೆ, ಸರ್ ಕುರ್ಚಿ ಎಳೆದು "ಕೂತ್ಕೊಳ್ಳಮ್ಮ, ಕೇಳು" ಅಂದ್ರು. ಅವತ್ತಿಂದ ಸೆಮಿಸ್ಟರ್ ಮುಗಿಯೋವರೆಗೂ ಅವರ ಫ್ರೀ ಪೀರಿಯಡ್‌ನಲ್ಲಿ ಡೌಟ್ ಕೇಳೋದು ಅಭ್ಯಾಸ ಆಯ್ತು. ಕ್ಲಾಸಲ್ಲಿ ಎದ್ದು ಕೇಳೋಕೆ ಧೈರ್ಯ ಬರ್ದೇ ಇದ್ರೆ ಸ್ಟಾಫ್ ರೂಮಿಗೆ ಹೋಗಿ, ಹೆಚ್ಚಿನ ಮೇಷ್ಟ್ರುಗಳು ಬಂದು ಕೇಳೋ ಮಕ್ಕಳನ್ನ ಕಳಿಸಿಬಿಡಲ್ಲ.

ಈ ಮ್ಯಾಥ್ಸ್‌ಗೆ ಲ್ಯಾಬ್ ಇದೆ ಅನ್ನೋದು ನಂಗೆ ಸೇರೋವರೆಗೂ ಗೊತ್ತಿರ್ಲಿಲ್ಲ. ಪೈಥಾನ್‌ನಲ್ಲಿ ಕರ್ವ್ ಬಿಡಿಸೋದು, ಡೆರಿವೇಟಿವ್ ಕಂಡುಹಿಡಿಯೋದು ಮಾಡಿಸ್ತಾರೆ. ಲ್ಯಾಪ್‌ಟಾಪ್ ಇಲ್ಲ ಅಂತ ಹೆದರಿದ್ದೆ, ಕಾಲೇಜ್ ಲ್ಯಾಬಲ್ಲೇ ಮಾಡಬಹುದು, ಪ್ರಾಕ್ಟೀಸ್‌ಗೆ ಫೋನ್ ಬ್ರೌಸರಲ್ಲಿ ಗೂಗಲ್ ಕೊಲ್ಯಾಬ್ ಸಾಕು, ದುಡ್ಡು ಕೊಡ್ಬೇಕಿಲ್ಲ. ಲ್ಯಾಬಲ್ಲಿ ಆ ಒನ್ ಪ್ಲಸ್ ಕಾಸ್ ಥೀಟಾ ಕರ್ವ್ ಪರದೆ ಮೇಲೆ ಬಂದಾಗ, ಅದೇ ಕಾರ್ಡಿಯಾಯ್ಡ್, ಹೃದಯದ ಆಕಾರ, ಅದರ ಪಕ್ಕದಲ್ಲಿ ಮೈನಸ್ ಇರೋ ಇನ್ನೊಂದನ್ನ ಹಾಕಿದ್ರೆ ಎರಡೂ ಮೇಲೆ ಕೆಳಗೆ ನೆಟ್ಟಗೆ ಅಡ್ಡ ಹಾಯ್ತಾವೆ, 90 ಡಿಗ್ರಿ ಕಣ್ಣಿಗೇ ಕಾಣುತ್ತೆ. ರಾತ್ರಿ ಎಲ್ಲಾ ಪೇಪರ್ ಮೇಲೆ ಕಳೆದು ಬಂದ ಉತ್ತರ ಅಲ್ಲಿ ಚಿತ್ರವಾಗಿ ನಿಂತಿತ್ತು, ಎಷ್ಟು ಖುಷಿ ಆಯ್ತು ಅಂದ್ರೆ ಫೋಟೋ ತೆಗೆದು ಸೀನಿಯರ್ ಅಕ್ಕಂಗೆ ಕಳಿಸ್ದೆ. ಲ್ಯಾಬಲ್ಲಿ ನೆನಪಿಡಿ, ಥೀಟಾನ ರೇಡಿಯನ್‌ನಲ್ಲಿ ಕೊಡ್ಬೇಕು, 360 ಅಂತ ಹಾಕಿದ್ರೆ ಪರದೆ ತುಂಬಾ ಗೀಚಿದಂಗೆ ಬರುತ್ತೆ. ಇನ್ನೊಂದು, ಲ್ಯಾಬ್‌ಗೆ ಬೇರೆ ಸೆಮಿಸ್ಟರ್ ಪರೀಕ್ಷೆ ಇಲ್ಲ ಅಂತ ಕೆಲವರು ಅದನ್ನ ಬಿಟ್ಟುಬಿಡ್ತಾರೆ, ಆದ್ರೆ ವಿಟಿಯು ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಪೈಥಾನ್ ಕೋಡ್ ಕೈಯಲ್ಲಿ ಬರೆಯೋ ಪ್ರಶ್ನೆನೂ ಇದೆ, ಹಂಗಾಗಿ ರೆಕಾರ್ಡ್ ಬರೆಯೋವಾಗ ಅರ್ಥ ಮಾಡ್ಕೊಂಡು ಬರೀರಿ.

ಎರಡನೇ ಮಾಡ್ಯೂಲ್ ನಂಗೆ ನಿಜವಾಗ್ಲೂ ಇಷ್ಟ ಆಯ್ತು. ಟೇಲರ್, ಮ್ಯಾಕ್ಲಾರಿನ್ ಸೀರೀಸ್ ಅಂದ್ರೆ ಸೈನ್, ಲಾಗ್, ಇ ಪವರ್ ಎಕ್ಸ್ ಇಂಥವನ್ನೆಲ್ಲಾ ಬರೀ ಎಕ್ಸ್, ಎಕ್ಸ್ ಸ್ಕ್ವೇರ್, ಎಕ್ಸ್ ಕ್ಯೂಬ್ ಕೂಡಿಸಿ ಬರೆಯೋದು. ಸರ್ ಸೈನ್ ಸೀರೀಸ್ ಮಾಡೋವಾಗ ಇದನ್ನ ಕೇರಳದ ಸಂಗಮಗ್ರಾಮದ ಮಾಧವ 14ನೇ ಶತಮಾನದಲ್ಲೇ ಕಂಡುಕೊಂಡಿದ್ರು, ಮ್ಯಾಕ್ಲಾರಿನ್ ಹುಟ್ಟಿದ್ದು 1698ರಲ್ಲಿ ಅಂದ್ರು. ಹಿಂದಿನ ಬೆಂಚಲ್ಲಿ ಮಾತಾಡ್ತಿದ್ದವ್ರೂ ತಲೆ ಎತ್ತಿದ್ರು. ಡೆರಿವೇಟಿವ್ ಅನ್ನೋದೇ ಇನ್ನೂ ಹುಟ್ಟದ ಕಾಲದಲ್ಲಿ ವೃತ್ತ, ಕಂಸ ಇಟ್ಕೊಂಡು ಅದನ್ನ ಹೆಂಗೆ ತೆಗೆದ್ರು ಅಂತ ನಾನು ಈಗಲೂ ಯೋಚ್ನೆ ಮಾಡ್ತೀನಿ.

ಪರೀಕ್ಷೆಗೆ ಬೇಕಾದ ಮಾತು ಅಂದ್ರೆ, ಸ್ಕ್ವೇರ್ ರೂಟ್ ಆಫ್ ಒನ್ ಪ್ಲಸ್ ಸೈನ್ ಟೂ ಎಕ್ಸ್ ಸೀರೀಸ್ ಬರೀರಿ ಅಂತ ಕೇಳ್ತಾರೆ. ನೇರವಾಗಿ ಡೆರಿವೇಟಿವ್ ತೆಗೆಯೋಕೆ ಹೋದ್ರೆ ಎರಡು ಪುಟ ಆಗುತ್ತೆ, ಒನ್ ಅನ್ನೋದನ್ನ ಸೈನ್ ಸ್ಕ್ವೇರ್ ಪ್ಲಸ್ ಕಾಸ್ ಸ್ಕ್ವೇರ್ ಅಂತ ಬರೆದ್ರೆ ಒಳಗಿರೋದು ಸೈನ್ ಪ್ಲಸ್ ಕಾಸ್ ಹೋಲ್ ಸ್ಕ್ವೇರ್, ರೂಟ್ ಹೋಗಿ ಸೈನ್ ಎಕ್ಸ್ ಪ್ಲಸ್ ಕಾಸ್ ಎಕ್ಸ್ ಉಳಿಯುತ್ತೆ, ಆಮೇಲೆ ಸಲೀಸು. ಇಲ್ಲೂ ಮತ್ತೆ ಟ್ರಿಗ್ನಾಮೆಟ್ರಿನೇ ಕಾಪಾಡಿದ್ದು. ಎಲ್-ಹಾಸ್ಪಿಟಲ್ ರೂಲ್‌ನಲ್ಲಿ (ಸೊನ್ನೆ ಬೈ ಸೊನ್ನೆ ತರ ಬರೋ ಲಿಮಿಟ್ ಬಿಡಿಸೋ ನಿಯಮ) ಒನ್ ಪವರ್ ಇನ್ಫಿನಿಟಿ ತರದ ಲೆಕ್ಕ ಬಂದ್ರೆ ಮೊದಲು ಲಾಗ್ ತಗೊಳ್ಳಿ, ಕೊನೇಲಿ ಬಂದ ಉತ್ತರನ ಇ ಪವರ್‌ಗೆ ಏರಿಸೋದು ಮರೀಬೇಡಿ. ಟ್ಯಾನ್ ಎಕ್ಸ್ ಬೈ ಎಕ್ಸ್ ಹೋಲ್ ಪವರ್ ಒನ್ ಬೈ ಎಕ್ಸ್ ಸ್ಕ್ವೇರ್ ಅನ್ನೋ ಲೆಕ್ಕದ ಉತ್ತರ ಇ ಪವರ್ ಒನ್ ಬೈ ತ್ರೀ, ನೀವೂ ಮಾಡಿ ಸರಿ ನೋಡ್ಕೊಳ್ಳಿ.

ಪಾರ್ಶಿಯಲ್ ಡಿಫರೆನ್ಶಿಯೇಷನ್ ಲೆಕ್ಕ ಮಾಡೋಕೆ ಬೇಗ ಬಂತು, ಒಂದನ್ನ ಬಿಟ್ಟು ಉಳಿದಿದ್ದೆಲ್ಲಾ ಕಾನ್‌ಸ್ಟಂಟ್ ಅಂತ ಹಿಡ್ಕೊಂಡ್ರೆ ಆಯ್ತು, ಆದ್ರೆ ಯಾಕೆ ಅಂತ ಗೊತ್ತಿರ್ಲಿಲ್ಲ. ನನ್ನ ರೂಮ್‌ಮೇಟ್ ಮಧುಗಿರಿಯವಳು, ಅವಳು ಹೇಳಿದ್ದು: "ನಮ್ಮ ಬೆಟ್ಟದ ಮೇಲೆ ಒಂದ್ಕಡೆ ನಿಂತಿದೀಯಾ ಅಂದ್ಕೋ ಕಣೇ, ಪೂರ್ವಕ್ಕೆ ಹೆಜ್ಜೆ ಇಟ್ರೆ ಎಷ್ಟು ಏರು ಅನ್ನೋದು ಒಂದು, ಉತ್ತರಕ್ಕೆ ಇಟ್ರೆ ಎಷ್ಟು ಏರು ಅನ್ನೋದು ಇನ್ನೊಂದು, ಜಾಗ ಒಂದೇ ಆದ್ರೂ ಇಳಿಜಾರು ಎರಡು." ಅಷ್ಟೇ ಸಾಕಾಯ್ತು. ಎರಡೂ ಸೊನ್ನೆ ಆದ ಕಡೆ ತುದಿ ಇರಬಹುದು, ತಗ್ಗು ಇರಬಹುದು, ಅಥವಾ ಒಂದ್ಕಡೆ ಏರಿ ಇನ್ನೊಂದ್ಕಡೆ ಇಳಿಯೋ ಸ್ಯಾಡಲ್ ಪಾಯಿಂಟ್ ಇರಬಹುದು. ಎಕ್ಸ್ ಕ್ಯೂಬ್ ಪ್ಲಸ್ ವೈ ಕ್ಯೂಬ್ ಮೈನಸ್ 3 ಎಕ್ಸ್ ಮೈನಸ್ 12 ವೈ ಪ್ಲಸ್ 20 ಅನ್ನೋ ಲೆಕ್ಕನ ಇಷ್ಟು ಅರ್ಥ ಇಟ್ಕೊಂಡು ಮಾಡಿ, ನಾಲ್ಕು ಪಾಯಿಂಟ್ ಬರ್ತಾವೆ, ಎಕ್ಸ್ 1 ವೈ 2 ಇದ್ದಾಗ ಕನಿಷ್ಠ ಬೆಲೆ 2, ಎರಡೂ ಮೈನಸ್ ಆದಾಗ ಗರಿಷ್ಠ 38, ಉಳಿದ ಎರಡು ಸ್ಯಾಡಲ್. ನಾಲ್ಕನ್ನೂ ಟೇಬಲ್ ಹಾಕಿ ತೋರಿಸಿ, ಸ್ಯಾಡಲ್ ಅಂತ ಬರೆಯದೇ ಬಿಟ್ರೆ ಸ್ಟೆಪ್ ಮಾರ್ಕ್ಸ್ ಹೋಗುತ್ತೆ. ಜೇಕೋಬಿಯನ್ ಅಂದ್ರೆ ಪಾರ್ಶಿಯಲ್ ಡೆರಿವೇಟಿವ್‌ಗಳನ್ನ ಜೋಡಿಸಿದ ಬರೀ ಡಿಟರ್ಮಿನೆಂಟ್, ಪಿಯುಸಿಯಲ್ಲಿ ಮಾಡಿದ್ದೇ.

ಮೂರನೇ ಮಾಡ್ಯೂಲ್ ಡಿಫರೆನ್ಶಿಯಲ್ ಈಕ್ವೇಶನ್, ಇಲ್ಲಿ ಪಿಯುಸಿ ಇಂಟಿಗ್ರೇಷನ್ ನೆನಪಿದ್ರೆ ದಾರಿ ಸಲೀಸು, ಬರ್ನೂಲಿ, ಎಕ್ಸಾಕ್ಟ್, ಆರ್ಥೋಗೋನಲ್ ಟ್ರಾಜೆಕ್ಟರಿ ಯಾವುದು ಅಂತ ಗುರುತಿಸೋದೇ ಅರ್ಧ ಕೆಲಸ. ನಾಲ್ಕು ಮಾಡ್ಯುಲರ್ ಅರಿತ್ಮೆಟಿಕ್, ಐದು ಮ್ಯಾಟ್ರಿಕ್ಸ್, ಇವು ಕ್ಯಾಲ್ಕುಲಸ್ ಅಲ್ಲ, ಗಾಸ್ ಸೈಡಲ್‌ಗೆ (ಸಮೀಕರಣಗಳನ್ನ ಹಂತ ಹಂತವಾಗಿ ಬಿಡಿಸೋ ವಿಧಾನ) ಕ್ಯಾಲ್ಕುಲೇಟರ್ ಮೇಲೆ ಕೈ ಓಡಬೇಕು ಅಷ್ಟೇ, ಅದಕ್ಕೆ ಜಾಸ್ತಿ ಹೇಳಲ್ಲ.

ಪರೀಕ್ಷೆ ಹತ್ರ ಬಂದಾಗ ನಾವು ರೂಮಿನವರು ರಾತ್ರಿ ಒಟ್ಟಿಗೆ ಕೂರ್ತಿದ್ವಿ. ನಮ್ಮದು ಒಂದು ನಿಯಮ ಇತ್ತು, ಸಾಲ್ವ್ ಮಾಡಿರೋದನ್ನ ಯಾರೂ ಓದಬಾರದು, ಪ್ರಶ್ನೆ ಮಾತ್ರ ನೋಡಿ ಖಾಲಿ ಹಾಳೆ ಮೇಲೆ ಬರೀಬೇಕು, ನಿಂತ ಜಾಗದಲ್ಲಿ ಗೆರೆ ಎಳೆದು ಇನ್ನೊಬ್ಬರಿಗೆ ಕೊಡ್ಬೇಕು. ಹಳೇ ಪೇಪರಲ್ಲಿ ಬಂದ ಲೆಕ್ಕಗಳೇ ನಂಬರ್ ಬದಲಾಗಿ ತಿರುಗಿ ಬರ್ತಾವೆ, ಆದ್ರೆ ಬಾಯಿಪಾಠ ಮಾಡಿದವ್ರು ಕರ್ವ್‌ನ ಪ್ಲಸ್ ಜಾಗದಲ್ಲಿ ಮೈನಸ್ ಬಂದ್ರೂ ನಿಂತೋಗ್ತಾರೆ. ಹಾಲ್ ಟಿಕೆಟ್‌ಗೆ ಮುಂಚೆ ಫೀಸ್ ಬಾಕಿ, ಲೈಬ್ರರಿ ಬಾಕಿ ಎಲ್ಲಾ ಕ್ಲಿಯರ್ ಮಾಡ್ಕೊಳ್ಳಿ, ಬಂದ ಮೇಲೆ ಯುಎಸ್‌ಎನ್ (ವಿಟಿಯು ಕೊಡೋ ರಿಜಿಸ್ಟರ್ ನಂಬರ್), ಹೆಸರು, ಸಬ್ಜೆಕ್ಟ್ ಕೋಡ್ ಒಂದೊಂದಾಗಿ ಓದಿ ನೋಡಿ. ಪರೀಕ್ಷೆ ಮೂರು ಗಂಟೆ, ಐದು ಪ್ರಶ್ನೆ, ಒಂದಕ್ಕೆ ಮೂವತ್ತೈದು ನಿಮಿಷಕ್ಕಿಂತ ಜಾಸ್ತಿ ಕೊಟ್ರೆ ಕೊನೇದು ಉಳಿಯುತ್ತೆ. ನಾನು ಮ್ಯಾಟ್ರಿಕ್ಸ್ ಮೊದಲು ಬರೆದು ಕೈ ಬಿಸಿ ಮಾಡ್ಕೊಂಡು ಆಮೇಲೆ ಮಾಡ್ಯೂಲ್ ಒಂದಕ್ಕೆ ಬಂದೆ. ಅಲ್ಲಿ ಎರಡು ಪೋಲಾರ್ ಕರ್ವ್ ಮಧ್ಯದ ಕೋನದ ಲೆಕ್ಕ ಇತ್ತು, ಹಾಫ್ ಆಂಗಲ್ ಲೈನ್ ಬರೆಯೋವಾಗ ಪೆನ್ ಎಲ್ಲೂ ನಿಲ್ಲಲಿಲ್ಲ. ಉತ್ತರ ಬರ್ದೇ ಇರೋ ಲೆಕ್ಕಕ್ಕೂ ಗೊತ್ತಿರೋ ಅಷ್ಟು ಸ್ಟೆಪ್ ಬರೀರಿ, ಖಾಲಿ ಬಿಡ್ಬೇಡಿ.

ಆಮೇಲೆ ಕಾಯೋದು. ರಿಸಲ್ಟ್ ಬರೋ ಮುಂಚೆನೇ ಸೆಕೆಂಡ್ ಸೆಮ್ ಕ್ಲಾಸ್ ಶುರುವಾಗುತ್ತೆ, ಪಾಸೋ ಫೇಲೋ ಗೊತ್ತಿಲ್ದೇ ಎಂ-ಟು ಕ್ಲಾಸಲ್ಲಿ ಕೂರೋದು ಒಂಥರಾ ಹಿಂಸೆ. ವಾಟ್ಸಾಪ್ ಗ್ರೂಪಲ್ಲಿ ದಿನಾ ಇವತ್ತು ರಿಸಲ್ಟ್ ಅಂತ ಸುಳ್ಳು ಸುದ್ದಿ ಬರುತ್ತೆ, ಅದನ್ನ ಮ್ಯೂಟ್ ಮಾಡಿ. ನಿಜವಾಗ್ಲೂ ಬಂದ ದಿನ ರೂಮ್‌ಮೇಟೇ ನನ್ನ ಯುಎಸ್‌ಎನ್ ಹಾಕಿ ನೋಡಿ "ಪಾಸ್ ಕಣೇ!" ಅಂತ ಕೂಗಿದ್ಲು. ಅಪ್ಪಂಗೆ ಫೋನ್ ಮಾಡಿದ್ರೆ ಹೊಲದಲ್ಲಿದ್ರು, ಗಾಳಿ ಸದ್ದಲ್ಲಿ ಅರ್ಧ ಕೇಳಿಸ್ಲಿಲ್ಲ ಅಂತ ಎರಡೆರಡು ಸಲ ಹೇಳಿಸ್ಕೊಂಡ್ರು. ನಮ್ಮ ಗುಂಪಲ್ಲಿ ಒಬ್ಬಳಿಗೆ ಸ್ವಲ್ಪದರಲ್ಲಿ ಹೋಗಿದೆ, ಅವಳು ಆನ್ಸರ್ ಶೀಟ್ ಫೋಟೋಕಾಪಿಗೆ ಹಾಕಿದಾಳೆ, ಅದನ್ನ ನಮ್ಮ ಸರ್‌ಗೆ ತೋರಿಸಿ ಮಾರ್ಕ್ಸ್ ಬರೋ ಹಂಗಿದ್ರೆ ಮಾತ್ರ ರೀವ್ಯಾಲ್ಯುಯೇಷನ್ ಹಾಕೋದು ಅಂತ ಮಾತಾಡ್ಕೊಂಡಿದೀವಿ. ಇದಕ್ಕೆಲ್ಲಾ ಕೊಡೋ ಟೈಮ್ ಕಮ್ಮಿ, ರಿಸಲ್ಟ್ ಬಂದ ದಿನವೇ ಎಕ್ಸಾಂ ಸೆಕ್ಷನ್‌ಗೆ ಹೋಗಿ ಕೊನೆ ದಿನಾಂಕ ಮತ್ತು ಫೀಸ್ ಕೇಳ್ಕೊಂಡು ಬನ್ನಿ. ಅಳ್ತಾ ರೂಮಲ್ಲಿ ಕೂತ್ರೆ ಆ ದಿನಾಂಕ ದಾಟಿಹೋಗುತ್ತೆ.

ಎಂ-ಟು ಈಗ ನಡೀತಿದೆ, ಡಬಲ್ ಇಂಟಿಗ್ರಲ್ ಶುರುವಾಗಿದೆ. ಪೋಲಾರ್‌ಗೆ ಬದಲಾಯಿಸೋವಾಗ ಡಿ-ಎಕ್ಸ್ ಡಿ-ವೈ ಜಾಗಕ್ಕೆ ಆರ್ ಡಿ-ಆರ್ ಡಿ-ಥೀಟಾ ಬರುತ್ತೆ, ಆ ಆರ್ ಎಲ್ಲಿಂದ ಬಂತು ಅಂದ್ರೆ ಎಂ-ಒನ್‌ನ ಜೇಕೋಬಿಯನ್‌ನಿಂದ. ಅದಕ್ಕೇ ಫಸ್ಟ್ ಸೆಮ್ ನೋಟ್ಸ್ ಯಾರಿಗಾದ್ರೂ ಕೊಡೋ ಮುಂಚೆ ಮಾಡ್ಯೂಲ್ ಎರಡನ್ನ ಜೆರಾಕ್ಸ್ ಮಾಡಿಸಿಟ್ಕೊಳ್ಳಿ. ಸೆಮಿಸ್ಟರ್ ಮಧ್ಯದ ರಜೆಯಲ್ಲಿ ಪಿಯುಸಿ ಇಂಟಿಗ್ರೇಷನ್, ಅದ್ರಲ್ಲೂ ಸಬ್‌ಸ್ಟಿಟ್ಯೂಷನ್ ಮತ್ತೆ ಇಂಟಿಗ್ರೇಷನ್ ಬೈ ಪಾರ್ಟ್ಸ್, ಒಂದ್ಸಲ ಕೈಯಲ್ಲಿ ಬರೆದು ಮುಗಿಸಿ. ಮಾಡ್ಯೂಲ್ ಒಂದರ ಯಾವುದಾದ್ರೂ ಲೆಕ್ಕದಲ್ಲಿ ನಿಂತೋಗಿದ್ರೆ ಯಾವ ಲೈನಲ್ಲಿ ಅಂತ ಬರೆದು ಕೇಳಿ, ನಂಗೆ ಗೊತ್ತಿದ್ರೆ ಹೇಳ್ತೀನಿ, ಗೊತ್ತಿಲ್ದೇ ಇದ್ರೆ ಅಕ್ಕನ್ನ ಕೇಳಿ ಹೇಳ್ತೀನಿ.